ಮಾದರಿ ಕಾರಿನ ಬಣ್ಣ ಏಕೆ ಒರಟಾಗುತ್ತದೆ?

ಪ್ರಶ್ನೆ: ಕಾರುಗಳ ಸ್ಕೇಲ್ ಮಾಡೆಲ್ ಕಟ್ಟುವ ಹವ್ಯಾಸವನ್ನು ಇತ್ತೀಚೆಗೆ ಆರಂಭಿಸಿದ್ದೇನೆ. 1/24 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳ ಜೋಡಣೆ ಚೆನ್ನಾಗಿಯೇ ಬರುತ್ತಿದೆ. ಆದರೆ ಕಾರಿನ ಬಾಡಿಯ ಮೇಲೆ ಸ್ಪ್ರೇ ಕ್ಯಾನ್‌ನಿಂದ ಕೆಂಪು ಬಣ್ಣ ಹೊಡೆದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ, ಬಾಗಿಲಿನ ಗೆರೆಗಳು ಅರ್ಧ ಮುಚ್ಚಿಹೋಗುತ್ತವೆ, ಡೀಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಪೊರೆಗಳ) ಕೆಳಗೆ ಬೆಳ್ಳಿಯಂಥ ಮಂಕು ಕಾಣುತ್ತದೆ. ಎಷ್ಟು ಶ್ರಮಪಟ್ಟರೂ ಕಾರು ಆಟಿಕೆಯಂತೆಯೇ ಉಳಿಯುತ್ತದೆ. ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಕೊಂಡರೆ ಇದೆಲ್ಲ ಸರಿಹೋದೀತೇ? ಈಗ ಕೆಟ್ಟಿರುವ ಬಾಡಿಯನ್ನು ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ತೊಂದರೆಗಳು ಬೇರೆಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ ಕಡೆ ಇದೆ: ಬಣ್ಣದ ಪದರದ ದಪ್ಪ ಮತ್ತು ಆ ಪದರದ ಕೆಳಗಿರುವ ಮೇಲ್ಮೈ. ಮೊದಲು ದಪ್ಪದ ಲೆಕ್ಕವನ್ನು ನೋಡೋಣ. ಅದು ಮನದಟ್ಟಾದರೆ ಮುಂದಿನ ಪ್ರತಿ ಹಂತಕ್ಕೂ ಕಾರಣ ತಾನಾಗಿಯೇ ತಿಳಿಯುತ್ತದೆ. ನಾಲ್ಕೂವರೆ ಮೀಟರ್ ಉದ್ದದ ಕಾರು 1/24 ಅಳತೆಯಲ್ಲಿ 18.75 ಸೆಂಟಿಮೀಟರ್ ಆಗುತ್ತದೆ. ಕಾರು ಇಪ್ಪತ್ತನಾಲ್ಕು ಪಟ್ಟು ಕುಗ್ಗಿತು, ಆದರೆ ಬಣ್ಣದ ಹನಿ ಕುಗ್ಗಲಿಲ್ಲ. ನಿಜವಾದ ಕಾರಿನ ಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಎಲ್ಲ ಸೇರಿ ಸುಮಾರು 0.1 ಮಿಲಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚಿನ ಪದರವಿರುತ್ತದೆ. ಅದೇ 0.1 ಮಿಲಿಮೀಟರ್ ಪದರ ಮಾದರಿಯ ಮೇಲೆ ಕುಳಿತರೆ, ನಿಜವಾದ ಕಾರಿಗೆ 2.4 ಮಿಲಿಮೀಟರ್ ದಪ್ಪದ ಬಣ್ಣ ಮೆತ್ತಿದಷ್ಟಾಗುತ್ತದೆ. ಬಾನೆಟ್ಟಿನ ಅಂಚು ಮೊಂಡಾಗುವುದೂ, ಗ್ರಿಲ್ಲಿನ ಸಂದುಗಳು ತುಂಬಿಕೊಳ್ಳುವುದೂ, ಒಟ್ಟಾರೆ ಆಟಿಕೆಯ ಭಾವ ಬರುವುದೂ ಇದರಿಂದಲೇ.

ಬಾಗಿಲಿನ ಗೆರೆಗೂ ಇದೇ ಲೆಕ್ಕವನ್ನು ಹಚ್ಚಿ ನೋಡಿ. ನಿಜವಾದ ಕಾರಿನಲ್ಲಿ ಬಾಗಿಲಿಗೂ ಬಾಡಿಗೂ ನಡುವಿನ ಸಂದು ಸುಮಾರು 4 ಮಿಲಿಮೀಟರ್ ಇರುತ್ತದೆ. 1/24ರಲ್ಲಿ ಅದು 0.17 ಮಿಲಿಮೀಟರ್ ಮಾತ್ರ. ಕಿಟ್ ತಯಾರಕರು ಅಚ್ಚಿನ ಅನುಕೂಲಕ್ಕಾಗಿ ಇದಕ್ಕಿಂತ ಅಗಲವಾದ, ಆದರೆ ಬಹಳ ಆಳವಿಲ್ಲದ ಗೆರೆಯನ್ನು ಕೊಡುತ್ತಾರೆ. ಆ ಗೆರೆಯ ಎರಡೂ ಗೋಡೆಗಳ ಮೇಲೆ 0.1 ಮಿಲಿಮೀಟರ್ ಬಣ್ಣ ಕುಳಿತರೆ ಅಗಲದಲ್ಲಿ 0.2 ಮಿಲಿಮೀಟರ್ ಕಡಿಮೆಯಾಗುತ್ತದೆ, ತಳವೂ ಮೇಲೇರುತ್ತದೆ. ಇದರ ಮೇಲೆ ದ್ರವದ ಸ್ವಭಾವವೊಂದಿದೆ: ಹಸಿ ಬಣ್ಣವು ಮೇಲ್ಮೈ ಎಳೆತದಿಂದಾಗಿ ಚೂಪಾದ ಅಂಚುಗಳಿಂದ ಹಿಂದೆ ಸರಿದು ತಗ್ಗುಗಳಲ್ಲಿ ಸೇರಿಕೊಳ್ಳುತ್ತದೆ. ಹೀಗಾಗಿ ಬಣ್ಣ ಎಲ್ಲಿ ತೆಳುವಾಗಿರಬೇಕೋ ಅಲ್ಲಿ ದಪ್ಪ, ಎಲ್ಲಿ ತುಸು ದಪ್ಪ ಬೇಕೋ ಅಲ್ಲಿ ತೆಳು. ಪಾಲಿಶ್ ಮಾಡುವಾಗ ಅಂಚುಗಳಲ್ಲೇ ಮೊದಲು ಪ್ಲಾಸ್ಟಿಕ್ ಹೊರಬರುವುದಕ್ಕೂ ಇದೇ ಕಾರಣ.

ಆದ್ದರಿಂದ ಕೆಲಸ ಬಣ್ಣದ ಡಬ್ಬಿ ತೆರೆಯುವುದಕ್ಕೆ ಬಹಳ ಮೊದಲೇ ಆರಂಭವಾಗಬೇಕು. ಪ್ರೈಮರ್ ಹೊಡೆಯುವ ಮುನ್ನ ಬಾಗಿಲು, ಬಾನೆಟ್, ಡಿಕ್ಕಿ, ಇಂಧನದ ಮುಚ್ಚಳ ಇವುಗಳ ಗೆರೆಗಳನ್ನು ಆಳಗೊಳಿಸಿಕೊಳ್ಳಿ. ಅಗಲ ಮಾಡಬೇಡಿ, ಆಳ ಮಾತ್ರ ಮಾಡಿ. ಹಾಬಿ ಚಾಕುವಿನ ಅಲಗಿನ ಹಿಂಬದಿಯನ್ನು ಗೆರೆಯೊಳಗೆ ಇಟ್ಟು, ಒತ್ತಡವೇ ಇಲ್ಲವೆಂಬಷ್ಟು ಹಗುರವಾಗಿ ನಿಮ್ಮತ್ತ ಎಳೆಯಿರಿ. ಮೊದಲ ಕೆಲವು ಎಳೆತಗಳಲ್ಲಿ ಏನೂ ಆಗಿಲ್ಲವೆನಿಸುತ್ತದೆ, ಆಮೇಲೆ ಕೂದಲೆಳೆಯಂಥ ಪ್ಲಾಸ್ಟಿಕ್ ಸುರುಳಿ ಏಳತೊಡಗುತ್ತದೆ. ಒತ್ತಿ ಎಳೆದರೆ ಅಲಗು ಗೆರೆಯಿಂದ ಜಿಗಿದು ಬಾಗಿಲಿನ ಮೇಲೆ ಗೀರು ಎಳೆಯುತ್ತದೆ. ತಿರುವುಗಳಲ್ಲಿ ಎರಡೂ ಕಡೆಯಿಂದ ಮೂಲೆಯತ್ತ ಬಂದು ನಿಲ್ಲಿಸುವುದು ಸುರಕ್ಷಿತ. ಬಾಡಿಯ ಪ್ಲಾಸ್ಟಿಕ್ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ್ದಾದ್ದರಿಂದ ಅರ್ಧದಷ್ಟು ಆಳ ಸಾಕು. ಒಳಗಿನಿಂದ ದೀಪ ಹಿಡಿದು ನೋಡುತ್ತಿದ್ದರೆ ಎಲ್ಲಿ ಹೆಚ್ಚಾಯಿತೆಂಬುದು ಬೆಳಕಿನಿಂದಲೇ ಗೊತ್ತಾಗುತ್ತದೆ.

ಎರಡನೆಯದು ಅಚ್ಚಿನ ಗೆರೆಗಳು. ಕಾರಿನ ಬಾಡಿ ಎರಡೇ ಹೋಳಿನ ಅಚ್ಚಿನಿಂದ ಹೊರಬರಲಾರದು. ಪಕ್ಕ, ಮುಂಭಾಗ, ಹಿಂಭಾಗಗಳಿಗೆ ಸರಿದಾಡುವ ಪ್ರತ್ಯೇಕ ತುಂಡುಗಳಿರುತ್ತವೆ, ಅವು ಕೂಡುವ ಜಾಗದಲ್ಲಿ ಬಾಡಿಯ ಮೇಲೆ ಸಣ್ಣ ಏಣು ಉಳಿಯುತ್ತದೆ. ಮಡ್‌ಗಾರ್ಡಿನ ನೆತ್ತಿ, ಛಾವಣಿಯ ಹಿಂಬದಿಯ ಕಂಬಗಳು, ಬಂಪರಿನ ಮೂಲೆಗಳು ಇದರ ಸಾಮಾನ್ಯ ಸ್ಥಾನಗಳು. ಬರಿಗಣ್ಣಿಗೆ ಅದು ಕಾಣುವುದು ಕಷ್ಟ. ಓರೆ ಬೆಳಕಿನಲ್ಲಿ ಬಾಡಿಯನ್ನು ತಿರುಗಿಸುತ್ತ ಉಗುರಿನ ತುದಿಯನ್ನು ಅಡ್ಡಲಾಗಿ ಹಾಯಿಸಿದರೆ ಸಿಕ್ಕಿಬೀಳುತ್ತದೆ. ಹೊಳೆಯುವ ಬಣ್ಣ ಇಂಥ ಏಣನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. 600 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಮರಳು ಕಾಗದವನ್ನು ಮೆತ್ತನೆಯ ಸ್ಪಾಂಜಿಗೆ ಸುತ್ತಿ, ನೀರು ಹಚ್ಚಿ, ಬಾಡಿಯ ಬಾಗನ್ನೇ ಅನುಸರಿಸಿ ಉಜ್ಜಿ ತೆಗೆಯಿರಿ, ಬಳಿಕ 1000 ಗ್ರಿಟ್‌ನಿಂದ ಆ ಗೀರುಗಳನ್ನು ಅಳಿಸಿ. ಹಳೆಯ ಅಚ್ಚುಗಳಿಂದ ಮತ್ತೆ ಮತ್ತೆ ಮುದ್ರಣಗೊಳ್ಳುವ ಕಿಟ್‌ಗಳಲ್ಲಿ ಈ ಕೆಲಸ ಹೆಚ್ಚು. ಅಮೆರಿಕದಲ್ಲಿ ಕಾರು ಮಾರಾಟಗಾರರಿಗೆಂದು 1/25 ಅಳತೆಯ ಮಾದರಿಗಳನ್ನು ಮಾಡುತ್ತಿದ್ದ ಎಎಂಟಿ ಸಂಸ್ಥೆ 1958ರಿಂದ ಅದೇ ಅಳತೆಯ ಕಿಟ್‌ಗಳನ್ನು ಮಾರತೊಡಗಿತು. ಆ ಪರಂಪರೆಯ ಹಳೆಯ ಅಚ್ಚುಗಳು ಇಂದಿಗೂ ಬಳಕೆಯಲ್ಲಿವೆ, ಅವುಗಳ ಬಾಡಿಯನ್ನು ಸಿದ್ಧಪಡಿಸಲು ಹೆಚ್ಚು ಸಮಯ ಬೇಕೆಂದು ತಿಳಿದೇ ಕೊಳ್ಳುವುದು ಒಳ್ಳೆಯದು.

ಉಜ್ಜುವ ಕೆಲಸ ಮುಗಿದ ಮೇಲೆ ಪಾತ್ರೆ ತೊಳೆಯುವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ಬಾಡಿಯನ್ನು ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚುವ ಎಣ್ಣೆ, ಬೆರಳಿನ ಜಿಡ್ಡು, ಉಜ್ಜಿದ ಪುಡಿ ಇವೆಲ್ಲ ಹೋಗಬೇಕು. ಜಿಡ್ಡು, ಅದರಲ್ಲೂ ಸಿಲಿಕೋನ್, ಉಳಿದ ಜಾಗದಲ್ಲಿ ಬಣ್ಣ ಸುತ್ತಲೂ ಸರಿದು ಮೀನಿನ ಕಣ್ಣಿನಾಕಾರದ ಕುಳಿ ಬಿಡುತ್ತದೆ. ತೊಳೆದ ಮೇಲೆ ಬಾಡಿಯನ್ನು ಬರಿಗೈಯಲ್ಲಿ ಮುಟ್ಟದಂತೆ ಒಳಗಿನಿಂದ ಹಿಡಿಯುವ ಒಂದು ಹಿಡಿಕೆ ಮಾಡಿಕೊಳ್ಳಿ.

ಪ್ರೈಮರ್ ಅನ್ನು ಬಹಳ ಮಂದಿ ಬಣ್ಣ ಹಿಡಿಯಲು ಹಚ್ಚುವ ಅಂಟೆಂದಷ್ಟೇ ಭಾವಿಸುತ್ತಾರೆ. ಅದರ ಇನ್ನೊಂದು ಕೆಲಸ ದೋಷವನ್ನು ತೋರಿಸುವುದು. ಹೊಳಪಿಲ್ಲದ ಒಂದೇ ಬಣ್ಣದ ಪದರದ ಮೇಲೆ ಪ್ಲಾಸ್ಟಿಕ್‌ನಲ್ಲಿ ಕಾಣದಿದ್ದ ಗೀರು, ಅಚ್ಚಿನ ಕುಳಿ, ಅಂಟಿನ ಗುರುತು ಎಲ್ಲವೂ ಎದ್ದು ಬರುತ್ತವೆ. ಮಿಸ್ಟರ್ ಸರ್ಫೇಸರ್‌ನಂಥ ಲ್ಯಾಕರ್ (ಬಲವಾದ ದ್ರಾವಕದ, ಬೇಗ ಒಣಗುವ ಬಣ್ಣದ ಜಾತಿ) ಪ್ರೈಮರ್‌ಗಳು 1000, 1200, 1500 ಎಂಬ ಸಂಖ್ಯೆಗಳಲ್ಲಿ ಬರುತ್ತವೆ, ಸಂಖ್ಯೆ ಹೆಚ್ಚಿದಷ್ಟೂ ಕಣ ನುಣುಪು. ಕಾರಿನ ಬಾಡಿಗೆ 1200 ಅಥವಾ 1500 ತಕ್ಕದ್ದು. ತೆಳುವಾಗಿ ಎರಡು ಪದರ ಕೊಟ್ಟು, ದೋಷಗಳನ್ನು ಸರಿಪಡಿಸಿ, ಒಣಗಿದ ಮೇಲೆ 1500 ಅಥವಾ 2000 ಗ್ರಿಟ್‌ನಿಂದ ನೀರು ಹಚ್ಚಿ ಹಗುರವಾಗಿ ಉಜ್ಜಿ. ಕೈಬೆರಳಿಗೆ ಗಾಜಿನಂತೆ ನುಣುಪಾಗಿ ತಾಗುವವರೆಗೆ ಬಣ್ಣದ ಯೋಚನೆ ಬೇಡ. ಒರಟು ಪ್ರೈಮರ್ ಮೇಲೆ ಬಿದ್ದ ನುಣುಪು ಬಣ್ಣ ಒರಟಾಗಿಯೇ ಒಣಗುತ್ತದೆ. ನೀವು ಬಣ್ಣದ ತಪ್ಪೆಂದುಕೊಂಡಿರುವುದರಲ್ಲಿ ಒಂದು ಪಾಲು ಪ್ರೈಮರ್‌ನದ್ದೇ ಇರಬಹುದು.

ನೀವು ಆರಿಸಿರುವುದು ಕೆಂಪು, ಆದ್ದರಿಂದ ಪ್ರೈಮರ್‌ನ ಬಣ್ಣದ ಬಗ್ಗೆಯೂ ಒಂದು ಮಾತು. ಕೆಂಪು ಮತ್ತು ಹಳದಿ ಬಣ್ಣಗಳ ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ಕೆಂಪು ಹೊಡೆದರೆ ಅದು ಕಂದುತ್ತದೆ, ಆ ಮಂಕನ್ನು ಮುಚ್ಚಲು ಪದರದ ಮೇಲೆ ಪದರ ಹೊಡೆಯುತ್ತ ಹೋಗುತ್ತೇವೆ, ಅಲ್ಲಿಗೆ ಗೆರೆಗಳು ಮುಚ್ಚಿಹೋಗುತ್ತವೆ. ಬಿಳಿ ಅಥವಾ ಗುಲಾಬಿ ಪ್ರೈಮರ್ ಮೇಲೆ ಅದೇ ಕೆಂಪು ಬಹಳ ಕಡಿಮೆ ಪದರಗಳಲ್ಲಿ ಪೂರ್ಣ ಕಳೆಗೆ ಬರುತ್ತದೆ. ನಿಮ್ಮ ಬಾಗಿಲಿನ ಗೆರೆಗಳ ಸಮಸ್ಯೆಗೆ ಇದೊಂದೇ ಬದಲಾವಣೆ ಅರ್ಧ ಪರಿಹಾರವಾಗಬಹುದು. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ನೀವು ಬಿಳಿ ಹೊಡೆಯಬೇಕೆಂದಿದ್ದರೆ, ಪ್ಲಾಸ್ಟಿಕ್‌ನ ಬಣ್ಣ ಲ್ಯಾಕರ್‌ನಲ್ಲಿ ಕರಗಿ ಮೇಲಕ್ಕೆ ಒಸರಿ ಬಿಳಿಯನ್ನು ಗುಲಾಬಿಯಾಗಿಸುತ್ತದೆ. ಅಂಥಲ್ಲಿ ನಡುವೆ ಬೆಳ್ಳಿ ಬಣ್ಣದ ಒಂದು ತಡೆಪದರ ಬೇಕು.

ಈಗ ಕಿತ್ತಳೆ ಸಿಪ್ಪೆಯ ವಿಚಾರ. ಸ್ಪ್ರೇಯಿಂದ ಹೊರಟ ಹನಿಗಳು ಬಾಡಿಯ ಮೇಲೆ ಬಿದ್ದು, ಒಂದರೊಳಗೊಂದು ಬೆರೆತು, ಮಟ್ಟಸವಾಗಲು ಕೆಲವು ಕ್ಷಣಗಳ ಕಾಲ ದ್ರವವಾಗಿಯೇ ಇರಬೇಕು. ದೂರದಿಂದ ಹೊಡೆದರೆ ಹನಿಗಳಲ್ಲಿನ ಥಿನ್ನರ್ (ಬಣ್ಣವನ್ನು ತೆಳುವಾಗಿಸುವ ದ್ರಾವಕ) ಗಾಳಿಯಲ್ಲೇ ಆರಿಹೋಗಿ ಅವು ಅರೆ ಒಣಗಿದ ಕಾಳುಗಳಾಗಿ ಬಂದು ಕೂರುತ್ತವೆ. ಕ್ಯಾನ್ ತಣ್ಣಗಿದ್ದರೆ ಒಳಗಿನ ಒತ್ತಡ ಕುಗ್ಗಿ ಹನಿಗಳು ದೊಡ್ಡದಾಗುತ್ತವೆ, ಬಣ್ಣವೂ ದಪ್ಪಗಾಗಿ ಸರಾಗವಾಗಿ ಹರಿಯುವುದಿಲ್ಲ. ಒರಟುತನ ಕಂಡು ಹೆದರಿ ಇನ್ನೂ ತೆಳ್ಳಗೆ, ಇನ್ನೂ ದೂರದಿಂದ ಹೊಡೆಯುವುದು ಸಹಜ ಪ್ರತಿಕ್ರಿಯೆ, ಆದರೆ ಅದು ತೊಂದರೆಯನ್ನು ಹೆಚ್ಚಿಸುತ್ತದೆ. ತೆಳುವಾದ ಒಟ್ಟು ಪದರವೆಂದರೆ ಒಣ ಪದರಗಳ ರಾಶಿಯಲ್ಲ. ಕಡಿಮೆ ಸಂಖ್ಯೆಯ, ಪ್ರತಿಯೊಂದೂ ಸರಿಯಾಗಿ ಹರಿದು ಕೂತ ಪದರಗಳು ಒಟ್ಟಾರೆ ತೆಳುವಾಗಿಯೂ ನುಣುಪಾಗಿಯೂ ಇರುತ್ತವೆ.

ಕ್ಯಾನ್ ಅನ್ನು ಹೊಡೆಯುವ ಮೊದಲು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು, ಅಂದರೆ ಕೈಗೆ ಹಿತವೆನಿಸುವಷ್ಟು ಬಿಸಿಯ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಿ. ಒಲೆ, ಕುದಿಯುವ ನೀರು, ಹೀಟರ್ ಇವುಗಳ ಹತ್ತಿರ ಎಂದಿಗೂ ಒಯ್ಯಬೇಡಿ, ಒತ್ತಡ ತುಂಬಿದ ಕ್ಯಾನ್ ಸಿಡಿಯುತ್ತದೆ. ನೀರಿನಿಂದ ತೆಗೆದು ಒರೆಸಿ, ಒಂದೆರಡು ನಿಮಿಷ ಚೆನ್ನಾಗಿ ಅಲುಗಾಡಿಸಿ. ಬಾಡಿಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಬಾಡಿಯ ಆಚೆ ಖಾಲಿ ಜಾಗದಲ್ಲಿ ಒತ್ತಲು ಆರಂಭಿಸಿ, ಒಂದೇ ವೇಗದಲ್ಲಿ ಬಾಡಿಯ ಮೇಲೆ ಹಾಯಿಸಿ, ಇನ್ನೊಂದು ತುದಿಯ ಆಚೆ ಹೋದ ಮೇಲೆ ಬೆರಳನ್ನು ಎತ್ತಿ. ಒತ್ತಿದ ಮತ್ತು ಬಿಟ್ಟ ಕ್ಷಣಗಳಲ್ಲೇ ನಳಿಕೆ ದೊಡ್ಡ ಹನಿಗಳನ್ನು ಉಗುಳುತ್ತದೆ, ಅವು ಬಾಡಿಯ ಮೇಲೆ ಬೀಳಬಾರದು.

ಮೊದಲ ಪದರ ಬರಿಯ ಸಿಂಚನದಂತಿರಲಿ, ಕೆಳಗಿನ ಪ್ರೈಮರ್ ಅರ್ಧಕ್ಕಿಂತ ಹೆಚ್ಚು ಕಾಣುತ್ತಿರಲಿ. ಅದು ಮುಂದಿನ ಪದರಕ್ಕೆ ಹಿಡಿತ ಕೊಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದನ್ನು ಇನ್ನಷ್ಟು ಸೇರಿಬರುವಂತೆ ಕೊಡಿ, ಮೂಲೆಗಳು, ಬಾಗಿಲಿನ ಅಂಚುಗಳು, ಬಂಪರಿನ ಕೆಳಭಾಗ ಇವನ್ನು ಈ ಹಂತದಲ್ಲೇ ಮುಗಿಸಿ. ಹೊಳಪನ್ನು ನಿರ್ಧರಿಸುವುದು ಕೊನೆಯ ಹಸಿ ಪದರ. ಆಗ ಬಣ್ಣದ ಕಡೆ ನೋಡಬೇಡಿ, ಬಾಡಿಯ ಮೇಲೆ ಬಿದ್ದಿರುವ ದೀಪದ ಪ್ರತಿಬಿಂಬವನ್ನು ನೋಡಿ. ಪ್ರತಿಬಿಂಬದ ಅಂಚು ಚದುರಿದ್ದರೆ ಬಣ್ಣ ಇನ್ನೂ ಸಾಲದು. ಕ್ಯಾನ್ ಹಾದುಹೋದ ಹಿಂದೆಯೇ ಆ ಅಂಚು ಕೂಡಿಕೊಂಡು ಚೂಪಾದರೆ ಸಾಕು, ಆ ಜಾಗಕ್ಕೆ ಮತ್ತೆ ಹೋಗಬೇಡಿ. ಚೂಪಾದ ಪ್ರತಿಬಿಂಬ ನಡುಗಿ ಜಾರತೊಡಗಿತೆಂದರೆ ಬಣ್ಣ ಸೋರುವ ಹಂತ ತಲುಪಿದೆ. ಈ ಮೂರು ಸ್ಥಿತಿಗಳನ್ನು ಗುರುತಿಸಲು ಕಣ್ಣು ಪಳಗುವವರೆಗೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚಗಳ ಬೆನ್ನಿನ ಮೇಲೆ ಅಭ್ಯಾಸ ಮಾಡಿ. ಅವುಗಳ ಬಾಗು ಕಾರಿನ ಮಡ್‌ಗಾರ್ಡನ್ನು ಹೋಲುವುದರಿಂದ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಗಾಳಿಯ ತೇವಾಂಶವನ್ನೂ ಲೆಕ್ಕಕ್ಕೆ ಹಿಡಿಯಿರಿ. ಲ್ಯಾಕರ್‌ನ ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವ ಹೆಚ್ಚಿರುವ ದಿನ ಆ ತಂಪಿಗೆ ಗಾಳಿಯ ನೀರು ಸಾಂದ್ರಗೊಂಡು ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿಚಿದ ಮಬ್ಬು ಕಾಣುತ್ತದೆ. ಮಳೆ ಹಿಡಿದ ದಿನ ಬಣ್ಣದ ಕೆಲಸವನ್ನು ಮುಂದೂಡಿ, ಒಳಭಾಗದ ಕೆಲಸ ಮಾಡುತ್ತ ಕುಳಿತರೆ ನಷ್ಟವೇನೂ ಇಲ್ಲ.

ಬಣ್ಣಗಳ ಜಾತಿಯನ್ನು ಬೆರೆಸುವಾಗ ಎಚ್ಚರ ಬೇಕು. ಲ್ಯಾಕರ್‌ನ ದ್ರಾವಕ ಬಲವಾದದ್ದು. ಎನಾಮೆಲ್ (ನಿಧಾನವಾಗಿ ಒಣಗುವ ಎಣ್ಣೆಯಾಧಾರಿತ ಬಣ್ಣ) ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ. ಲ್ಯಾಕರ್ ಪೂರ್ಣ ಒಣಗಿದ ಮೇಲೆ ಅದರ ಮೇಲೆ ಎನಾಮೆಲ್ ಅಥವಾ ಅಕ್ರಿಲಿಕ್ ಹಚ್ಚುವುದಕ್ಕೆ ತೊಂದರೆಯಿಲ್ಲ. ಬಾಡಿಯ ಮಟ್ಟಿಗೆ ನನ್ನ ಸಲಹೆ ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಲ್ಯಾಕರ್ ಆಗಿರಲಿ ಎಂಬುದು. ಒಂದೇ ತಯಾರಕರದ್ದಾದರೆ ಇನ್ನೂ ಉತ್ತಮ. ಡಬ್ಬಿಯ ಮೇಲಿನ ಅಕ್ಷರಗಳನ್ನೂ ಗಮನಿಸಿ: ಜಪಾನಿನ ಕಿಟ್ ತಯಾರಕ ಸಂಸ್ಥೆ ತಾಮಿಯಾದ ಟಿಎಸ್ ಸ್ಪ್ರೇ ಸರಣಿ ಇಂಥ ಗಟ್ಟಿ ಪ್ಲಾಸ್ಟಿಕ್ ಬಾಡಿಗಳಿಗೆ, ಪಿಎಸ್ ಸರಣಿ ರೇಡಿಯೋ ನಿಯಂತ್ರಿತ ಕಾರುಗಳ ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗಳಿಗೆ. ಎರಡನ್ನೂ ಅದಲುಬದಲು ಮಾಡಬಾರದು. ನಿಜವಾದ ಕಾರಿಗೆ ಹಚ್ಚುವ ಮೆಟಾಲಿಕ್ ಬಣ್ಣವನ್ನು ಮಾದರಿಗೆ ಬಳಸುವುದೂ ಬೇಡ. ಅದರಲ್ಲಿರುವ ಅಲ್ಯೂಮಿನಿಯಂ ಚೂರು 20 ಮೈಕ್ರಾನ್ (0.02 ಮಿಲಿಮೀಟರ್) ಇದ್ದರೂ 1/24ರ ಕಣ್ಣಿಗೆ ಅದು ಅರ್ಧ ಮಿಲಿಮೀಟರ್ ಚೂರಾಗಿ, ಬಣ್ಣದ ಬದಲು ಮಿನುಗುಪುಡಿ ಎರಚಿದಂತೆ ಕಾಣುತ್ತದೆ.

ಇನ್ನು ಡೀಕಾಲ್. ಅದರ ಕೆಳಗೆ ಕಾಣುವ ಬೆಳ್ಳಿ ಮಬ್ಬು ಗಾಳಿಯದು. ಒರಟು ಮೇಲ್ಮೈಯ ತಗ್ಗುಗಳನ್ನು ಡೀಕಾಲ್‌ನ ಪೊರೆ ಮುಟ್ಟದೆ ಮೇಲೆಯೇ ಚಾಚಿಕೊಂಡಾಗ ಆ ತಗ್ಗುಗಳಲ್ಲಿ ಸಿಕ್ಕ ಗಾಳಿ ಬೆಳಕನ್ನು ಚದುರಿಸುತ್ತದೆ. ಕಿತ್ತಳೆ ಸಿಪ್ಪೆ ಹೋದರೆ ಇದೂ ಬಹುಮಟ್ಟಿಗೆ ಹೋಗುತ್ತದೆ. ಹೊಳಪಿನ ಮೇಲ್ಮೈಗೆ ಮೈಕ್ರೋ ಸೆಟ್‌ನಂಥ ದ್ರವವನ್ನು ಸವರಿ, ಡೀಕಾಲನ್ನು ಅದರ ಮೇಲೆ ಜಾರಿಸಿ ಕೂರಿಸಿ, ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ತೆಗೆಯಿರಿ. ಆಮೇಲೆ ಮೇಲಿನಿಂದ ಮೈಕ್ರೋ ಸಾಲ್‌ನಂಥ ಮೆತ್ತಗಾಗಿಸುವ ದ್ರವವನ್ನು ಹಚ್ಚಿ ಕೈ ಹಿಂದೆಗೆಯಿರಿ. ಕೆಲವು ನಿಮಿಷಗಳಲ್ಲಿ ಡೀಕಾಲ್ ಸುಕ್ಕುಗಟ್ಟಿ ಕೆಟ್ಟೇಹೋಯಿತೆನ್ನಿಸುವಂತಾಗುತ್ತದೆ. ಆಗ ಮುಟ್ಟಿದರೆ ನಿಜಕ್ಕೂ ಹರಿಯುತ್ತದೆ, ಮುಟ್ಟದಿದ್ದರೆ ಒಣಗುತ್ತ ತಾನಾಗಿಯೇ ಬಾಗಿಲಿನ ಗೆರೆಯೊಳಗೂ ಇಳಿದು ಬಿಗಿಯುತ್ತದೆ. ಒಂದು ರಾತ್ರಿ ಬಿಟ್ಟು, ಉಳಿದ ದ್ರವದ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಡೀಕಾಲ್ ಇರುವ ಬಾಡಿಗೂ ಮೆಟಾಲಿಕ್ ಬಣ್ಣದ ಬಾಡಿಗೂ ಕ್ಲಿಯರ್ ಕೋಟ್ ಬೇಕೇಬೇಕು. ಮೆಟಾಲಿಕ್ ಪದರವನ್ನು ನೇರವಾಗಿ ಉಜ್ಜಿದರೆ ಚೂರುಗಳು ಕತ್ತರಿಸಿಹೋಗಿ ಕಲೆ ಬೀಳುತ್ತದೆ. ಡೀಕಾಲ್ ಇಲ್ಲದ ಸಾದಾ ಕೆಂಪು, ಬಿಳಿ, ಕಪ್ಪು ಬಾಡಿಗಳಿಗೆ ಕ್ಲಿಯರ್ ಬಿಟ್ಟರೂ ನಡೆಯುತ್ತದೆ, ಹೊಳಪಿನ ಬಣ್ಣವನ್ನೇ ಪಾಲಿಶ್ ಮಾಡಬಹುದು. ಬೇಡದ ಪದರವೊಂದು ತಪ್ಪುವುದಾದರೆ ತಪ್ಪಿಸುವುದೇ ಮೇಲೆಂದು ನಾನು ನಂಬಿದ್ದೇನೆ. ಕ್ಲಿಯರ್ ಹೊಡೆಯುವಾಗ ಮೊದಲ ಎರಡು ಪದರಗಳು ತೀರ ಹಗುರವಾಗಿರಲಿ, ಆರಂಭದಲ್ಲೇ ಹಸಿಯಾಗಿ ಹೊಡೆದರೆ ಲ್ಯಾಕರ್ ಡೀಕಾಲನ್ನು ಕರಗಿಸಿ ಸುಕ್ಕುಗಟ್ಟಿಸುತ್ತದೆ. ಎರಡು ದ್ರವ ಬೆರೆಸಿ ಹೊಡೆಯುವ ಯುರೆಥೇನ್ ಕ್ಲಿಯರ್‌ನ ಹೊಳಪನ್ನು ನೋಡಿ ಆಸೆಯಾಗಬಹುದು. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್‌ಗಳು ಶ್ವಾಸಕೋಶಕ್ಕೆ ಗಂಭೀರ ಅಪಾಯ ಉಂಟುಮಾಡುತ್ತವೆ, ತಕ್ಕ ರಕ್ಷಣಾ ವ್ಯವಸ್ಥೆಯಿಲ್ಲದ ಮನೆಯಲ್ಲಿ ಅದು ಬೇಡ.

ಸಾಮಾನ್ಯ ಲ್ಯಾಕರ್ ಹೊಡೆಯುವಾಗಲೂ ಕಿಟಕಿ ತೆರೆದು ಗಾಳಿ ಹೊರಹೋಗುವ ಏರ್ಪಾಟು ಮಾಡಿ, ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಧರಿಸಿ. ಧೂಳು ತಡೆಯುವ ಬಟ್ಟೆ ಅಥವಾ ಕಾಗದದ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಹತ್ತಿರದಲ್ಲಿ ಬೆಂಕಿ, ಕಿಡಿ ಇರಕೂಡದು.

ಲ್ಯಾಕರ್ ಅರ್ಧ ಗಂಟೆಯಲ್ಲಿ ಮುಟ್ಟಲು ಒಣಗಿದಂತಾದರೂ ಒಳಗಿನ ದ್ರಾವಕ ಹೊರಹೋಗಲು ದಿನಗಳೇ ಬೇಕು. ಬಾಡಿಯನ್ನು ಮೂಗಿನ ಹತ್ತಿರ ತಂದಾಗ ವಾಸನೆ ಬರುತ್ತಿದ್ದರೆ ಅದು ಇನ್ನೂ ಒಣಗಿಲ್ಲ. ಆತುರದಲ್ಲಿ ಪಾಲಿಶ್ ಮಾಡಿದರೆ ಆಮೇಲೆ ಪದರ ಕುಗ್ಗಿ ಕೆಳಗಿನ ಉಜ್ಜಿದ ಗೀರುಗಳು ಮೇಲೆ ಮೂಡುತ್ತವೆ. ಒಂದು ವಾರ, ಸಾಧ್ಯವಾದರೆ ಇನ್ನೂ ಹೆಚ್ಚು, ಧೂಳಿಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಡಿ. ಅನಂತರ ಪಾಲಿಶ್. 3000 ಅಥವಾ 4000 ಗ್ರಿಟ್‌ನ ಬಟ್ಟೆಯಿಂದ, ಸೋಪು ಬೆರೆಸಿದ ನೀರಿನೊಂದಿಗೆ, ಉಳಿದ ಉಬ್ಬುಗಳ ನೆತ್ತಿಯನ್ನು ಮಾತ್ರ ತೆಗೆಯಿರಿ. ತಗ್ಗುಗಳಲ್ಲಿ ಹೊಳಪು, ಉಜ್ಜಿದ ಕಡೆ ಮಂಕು ಇರುವುದರಿಂದ ಎಷ್ಟು ಉಳಿದಿದೆಯೆಂದು ಒಣಗಿಸಿ ನೋಡಿದರೆ ತಿಳಿಯುತ್ತದೆ. ಮೇಲ್ಮೈಯೆಲ್ಲ ಒಂದೇ ಮಂಕಾದಾಗ ನಿಲ್ಲಿಸಿ, 6000, 8000 ಎಂದು ಮುಂದುವರಿದು, ಕೊನೆಗೆ ಪಾಲಿಶಿಂಗ್ ಕಾಂಪೌಂಡ್‌ನ ಒರಟು, ನುಣುಪು, ಅಂತಿಮ ದರ್ಜೆಗಳನ್ನು ಮೆತ್ತನೆಯ ಬಟ್ಟೆಯಿಂದ ಹಚ್ಚಿ. ಏಣು ಮತ್ತು ಅಂಚುಗಳ ಮೇಲೆ ಬಣ್ಣ ತೀರ ತೆಳುವಾಗಿರುವುದರಿಂದ ಅಲ್ಲೆಲ್ಲ ಸಪೂರ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ಉಜ್ಜಿ, ಕಾಂಪೌಂಡ್‌ನ ಕೊನೆಯ ದರ್ಜೆಗೆ ಬಂದಾಗ ಮಾತ್ರ ಟೇಪ್ ತೆಗೆಯಿರಿ.

ಏರ್‌ಬ್ರಶ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಈಗಲೇ ಬೇಡ. ಒಂದೇ ಬಣ್ಣದ ಬಾಡಿಗೆ ಒಳ್ಳೆಯ ಸ್ಪ್ರೇ ಕ್ಯಾನ್ ಕೊಡುವ ಫಲಿತಾಂಶ ಯಾವುದಕ್ಕೂ ಕಡಿಮೆಯಿಲ್ಲ. ಏರ್‌ಬ್ರಶ್‌ನ ಲಾಭವೆಂದರೆ ಬಣ್ಣದ ಪ್ರಮಾಣ ನಿಮ್ಮ ಬೆರಳಿನ ಹಿಡಿತಕ್ಕೆ ಬರುವುದು, ಥಿನ್ನರ್ ಅನ್ನು ನೀವೇ ಹದಮಾಡಿಕೊಳ್ಳಬಹುದಾದ್ದರಿಂದ ಪದರ ಮತ್ತಷ್ಟು ತೆಳುವಾಗುವುದು, ಬೇಕಾದ ಬಣ್ಣವನ್ನು ಬೆರೆಸಿಕೊಳ್ಳುವ ಸ್ವಾತಂತ್ರ್ಯ. ಆದರೆ ಹನಿ ಹೇಗೆ ಹರಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆ ಕ್ಯಾನ್‌ನಲ್ಲಿ ಬಾರದಿದ್ದರೆ ಏರ್‌ಬ್ರಶ್‌ನಲ್ಲೂ ಬಾರದು, ಮೇಲಾಗಿ ಹದ, ಒತ್ತಡ, ಶುಚಿ ಮಾಡುವ ಕೆಲಸಗಳು ಹೊಸದಾಗಿ ಸೇರುತ್ತವೆ. ಮುಂದೆ ಕೊಳ್ಳುವಾಗ 0.3 ಮಿಲಿಮೀಟರ್ ನಳಿಕೆಯ, ಗಾಳಿ ಮತ್ತು ಬಣ್ಣ ಎರಡನ್ನೂ ಒಂದೇ ಗುಂಡಿಯಲ್ಲಿ ನಿಯಂತ್ರಿಸುವ ಡಬಲ್ ಆಕ್ಷನ್ ಮಾದರಿಯನ್ನು ಆರಿಸಿ. 15ರಿಂದ 20 ಪಿಎಸ್‌ಐ ಒತ್ತಡ ಬಾಡಿಯ ಕೆಲಸಕ್ಕೆ ಹೊಂದುತ್ತದೆ. ಸೀಟು, ಡ್ಯಾಶ್‌ಬೋರ್ಡ್, ಎಂಜಿನ್‌ಗಳಿಗಂತೂ ಸಾಮಾನ್ಯ ಕುಂಚವೇ ಸಾಕು.

ಆಟಿಕೆಯ ಭಾವ ಹೋಗಬೇಕಾದರೆ ಹೊಳಪೊಂದೇ ಸಾಲದು, ಹೊಳಪಿನ ವ್ಯತ್ಯಾಸವೂ ಬೇಕು. ನಿಜವಾದ ಕಾರಿನಲ್ಲಿ ಗಾಜಿನ ಸುತ್ತಲಿನ ರಬ್ಬರ್ ಅರೆಹೊಳಪಿನ ಕಪ್ಪು, ಟೈರು ಮಂಕಾದ ಗಾಢ ಬೂದು, ಸೀಟಿನ ಬಟ್ಟೆ ಹೊಳಪೇ ಇಲ್ಲದ್ದು. ಗಾಜಿನ ಸುತ್ತಲಿನ ಕಪ್ಪು ಅಂಚನ್ನು ಮಾಸ್ಕಿಂಗ್ ಟೇಪ್ ಹಾಕಿ ನೇರವಾಗಿ ತೆಗೆದರೆ ಕಾರಿನ ಮುಖವೇ ಬದಲಾಗುತ್ತದೆ. ಬಾಗಿಲಿನ ಗೆರೆಗಳಿಗೆ ಎನಾಮೆಲ್ ವಾಶ್ (ಥಿನ್ನರ್‌ನಿಂದ ಬಹಳ ತೆಳುಮಾಡಿದ ಬಣ್ಣ) ಇಳಿಸುವಾಗ ಅಚ್ಚಗಪ್ಪನ್ನು ಬಳಸಬೇಡಿ, ಕೆಂಪು ಕಾರಿಗೆ ಗಾಢ ಕಂದು, ಬಿಳಿ ಕಾರಿಗೆ ನಡುಬೂದು ಹೊಂದುತ್ತದೆ. ಕ್ಲಿಯರ್ ಪೂರ್ಣ ಒಣಗಿದ ಮೇಲೆಯೇ ಈ ಕೆಲಸ ಮಾಡಿ, ಬರಿಯ ಪ್ಲಾಸ್ಟಿಕ್‌ಗೆ ತಾಗಿದ ಎನಾಮೆಲ್ ಥಿನ್ನರ್ ಅದನ್ನು ಸೀಳಿಸಬಲ್ಲದು. ಇವೆಲ್ಲಕ್ಕೂ ಆಧಾರ ನಿಜವಾದ ಕಾರಿನ ಚಿತ್ರಗಳೇ ಆಗಿರಲಿ. 1976ರಲ್ಲಿ ಬಂದ 1/12 ಅಳತೆಯ ಪೋರ್ಷೆ 934 ಕಿಟ್‌ಗಾಗಿ ತಾಮಿಯಾ ಸಂಸ್ಥೆಯ ಶುನ್ಸಾಕು ತಾಮಿಯಾ ಅವರು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಸಿ ಅಭ್ಯಸಿಸಿದರು. ಕಿಟ್ ಮಾಡುವವರು ಅಷ್ಟು ಶ್ರದ್ಧೆ ತೋರಿರುವಾಗ, ಕಟ್ಟುವ ನಾವು ನಾಲ್ಕು ಚಿತ್ರಗಳನ್ನಾದರೂ ಎದುರಿಗಿಟ್ಟುಕೊಳ್ಳಬೇಕು.

ಜೋಡಣೆ ಚೆನ್ನಾಗಿ ಬರುತ್ತಿದೆಯೆಂದು ಬರೆದಿದ್ದೀರಿ, ಆದ್ದರಿಂದ ಎರಡು ಎಚ್ಚರಿಕೆಗಳಷ್ಟೇ ಸಾಕು. ಗಾಜಿನ ಭಾಗಗಳಿಗೆ ಸೂಪರ್ ಗ್ಲೂ ಬಳಸಬೇಡಿ, ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿಯ ಮಬ್ಬು ಕೂರಿಸುತ್ತದೆ, ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟು ಇಲ್ಲಿಗೆ ಸರಿ. ಕ್ರೋಮ್ ಲೇಪನವಿರುವ ಭಾಗಗಳನ್ನು ಪ್ಲಾಸ್ಟಿಕ್ ಸಿಮೆಂಟಿನಿಂದ ಅಂಟಿಸುವ ಮೊದಲು ಕೂಡುವ ಜಾಗದ ಲೇಪನವನ್ನು ಕೆರೆದು ತೆಗೆಯಿರಿ, ಲೇಪನದ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ.

ಕೊನೆಯದಾಗಿ, ಈಗ ಕೆಟ್ಟಿರುವ ಬಾಡಿ. ಅದನ್ನು ಖಂಡಿತ ಉಳಿಸಬಹುದು. ಮೊದಲು ಬಾಗಿಲಿನ ಗೆರೆಗಳನ್ನು ಪರೀಕ್ಷಿಸಿ. ಗೆರೆಗಳು ಇನ್ನೂ ಸ್ಪಷ್ಟವಾಗಿದ್ದು ಮೇಲ್ಮೈ ಮಾತ್ರ ಒರಟಾಗಿದ್ದರೆ, ವಾರ ಕಳೆದ ಮೇಲೆ 2000 ಗ್ರಿಟ್‌ನಿಂದ ನೀರು ಹಚ್ಚಿ ಉಜ್ಜಿ ಮಟ್ಟ ಮಾಡಿ, ಒಂದೇ ಒಂದು ಹಸಿ ಪದರ ಕೊಟ್ಟು ಪಾಲಿಶ್‌ಗೆ ಹೋಗಬಹುದು. ಗೆರೆಗಳೇ ಮುಚ್ಚಿದ್ದರೆ ಇನ್ನೊಂದು ಪದರ ಅದನ್ನು ಮತ್ತಷ್ಟು ಕೆಡಿಸುತ್ತದೆ, ಎಲ್ಲ ಬಣ್ಣವನ್ನೂ ತೆಗೆಯುವುದೇ ಸರಿ. ಗಾಜು, ಕ್ರೋಮ್ ಭಾಗಗಳನ್ನು ಬಿಚ್ಚಿ, ಬಾಡಿಯನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು, ಅದು ಮುಳುಗುವಷ್ಟು ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿಯಿರಿ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಟ್ಟು, ಕೈಗವಸು ಹಾಕಿಕೊಂಡು ಈ ಕೆಲಸ ಮಾಡಿ. ಮೊದಲು ಬಾಡಿಯ ಒಳಬದಿಯ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು. ಅಸಿಟೋನ್ ಮತ್ತು ಲ್ಯಾಕರ್ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುವುದರಿಂದ ಅವುಗಳಲ್ಲಿ ನೆನೆಸಲೇಬಾರದು. ಟಿಎಸ್ ಜಾತಿಯ ಅಕ್ರಿಲಿಕ್ ಲ್ಯಾಕರ್‌ಗಳು ಕೆಲವು ಗಂಟೆಗಳಲ್ಲಿ ಮೆತ್ತಗಾಗಿ ಟೂತ್‌ಬ್ರಶ್‌ಗೆ ಏಳುತ್ತವೆ, ಹಟ ಹಿಡಿದ ಕಡೆ ಮತ್ತೆ ನೆನೆಸಿ. ಪ್ರೈಮರ್ ಅಲ್ಲಲ್ಲಿ ಉಳಿದರೆ ಚಿಂತೆ ಬೇಡ, ಅದು ಮಟ್ಟಸವಾಗಿದ್ದರೆ ಸಾಕು. ಗೆರೆಗಳಲ್ಲಿ ಸಿಕ್ಕಿರುವ ಬಣ್ಣವನ್ನು ಮರದ ಹಲ್ಲುಕಡ್ಡಿಯ ತುದಿಯಿಂದ ಬಿಡಿಸಿ, ಸೋಪುನೀರಿನಲ್ಲಿ ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಚಾಕುವಿನ ಹಿಂಬದಿಯಿಂದ ಗೆರೆಗಳನ್ನು ಆಳಗೊಳಿಸುವ ಕೆಲಸದಿಂದ ಮತ್ತೆ ಆರಂಭಿಸಿ.